ಗಾಜಕ್ಕ ಕಟ್ಟಿದ ಎದುರು ಬೀದಿ

ಇನ್ನೂ ಕಟ್ಟದ ಕಟ್ಟಡಗಳನ್ನು ಕಟ್ಟಿ ಮುಗಿಸಿದಂತೆಯೇ ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು ಅವಳ ಆಫೀಸಿನ ಕಸುಬು. ಇಟ್ಟಿಗೆ, ಕಲ್ಲು, ಮರದ ಬಾಗಿಲು, ಯಾವುದಾದರೂ ಅವಳ ಕೈಗೆ ಸಲೀಸು. ಗಾಜೊಂದು ಮಾತ್ರ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ. ಹೆರಿಗೆಗೆಂದು ಬಿಟ್ಟಿದ್ದ ಕೆಲಸಕ್ಕೆ ಎರಡು ವರ್ಷದ ಮೇಲೆ ಮರಳಿದ ಕೂಡಲೇ ಸಿಕ್ಕಿದ್ದು ಹೊಸ ಗ್ರಂಥಾಲಯದ ಚಿತ್ರ. ಅದರ ಮುಂಭಾಗವೋ ನೆಲದಿಂದ ಸೂರಿನವರೆಗೆ ಬರೀ ಗಾಜು. ಒಮ್ಮೆ ಅದು ನೀಲಿ ತಗಡಿನಂತೆ ಕಾಣುತ್ತಿತ್ತು. ಸರಿಮಾಡಿದರೆ ಗಾಜೇ ಇಲ್ಲದ ಕಿಂಡಿಯಾಗುತ್ತಿತ್ತು. ಅವಳ ಪರದಾಟ ನೋಡಿ ಎಲ್ಲರೂ ಗಾಜಕ್ಕ ಎಂದು ಕರೆಯತೊಡಗಿದರು.

"ಗಾಜಕ್ಕ, ಈ ಕಿಟಕಿಯಿಂದ ಕಾಗೆ ಒಳಗೆ ಬಂದ್ಬಿಡುತ್ತೆ ನೋಡಿ," ಎಂದು ಪಕ್ಕದ ಮೇಜಿನವನು ಕಿಚಾಯಿಸಿದ. ಚಿತ್ರಗಳಿಗೆಲ್ಲ ಗಿಡಮರ ಹಾಕುವುದು ಅವನ ಕೆಲಸವಾದ್ದರಿಂದ ಅವನು ತೋಟದಪ್ಪ.

"ಇನ್ನೇನ್ಮಾಡುತ್ತೆ ಪಾಪ? ನಿಮ್ಮ ಮರದ ಮೇಲೆ ಕೂತ್ರೆ ಜಾರುತ್ತೆ. ಅಷ್ಟು ಪ್ಲಾಸ್ಟಿಕ್ಕು!"

ಬಾಯಿ ಜೋರು, ಎದೆಯಲ್ಲಿ ಮಾತ್ರ ಪುಕುಪುಕು. ಯಜಮಾನರು ಹೇಳಿಯಾಗಿತ್ತು: "ನೋಡಮ್ಮ, ಶುಕ್ರವಾರ ಗ್ರಂಥಾಲಯದ ಮೇಡಂ ಬರ್ತಾರೆ. ಗಾಜು ಸರಿಹೋಗ್ಲಿಲ್ಲ ಅಂದ್ರೆ ಮುಂಭಾಗ ಬೇರೆಯವರಿಗೆ ಕೊಡ್ತೀನಿ. ನೀವು ಮೆಟ್ಟಿಲು, ಬಚ್ಚಲು ನೋಡ್ಕೊಳ್ಳಿ. ಮನೇಲಿ ಪುಟ್ಟ ಮಗು ಬೇರೆ, ನಿಮಗೂ ಹಗುರ ಆಗುತ್ತೆ."

ಆ ಕೊನೆಯ ಮಾತೇ ಚುಚ್ಚಿದ್ದು. ಮಗುವಿದೆ ಎಂದ ಮಾತ್ರಕ್ಕೆ ಬಚ್ಚಲಿಗೆ ತಳ್ಳಿಬಿಡುವುದೇ?

ಹಾಗೆಂದು ಮಗುವಿನ ಚಿಂತೆ ಕಡಿಮೆಯಿತ್ತೆಂದಲ್ಲ. ಆಫೀಸಿನ ಬೀದಿಯಲ್ಲೇ ಶಿಶುವಿಹಾರ. ದಿನಾ ಬೆಳಿಗ್ಗೆ ಆಯಾ ಎತ್ತಿಕೊಳ್ಳುವಷ್ಟರಲ್ಲಿ ಪುಟ್ಟಿ ಸೂರು ಹಾರಿಹೋಗುವಂತೆ ಅಳುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೂ ಇವಳಿಗೆ ಕಾಲು ಏಳುತ್ತಿರಲಿಲ್ಲ. ಅಳು ನಿಂತಿತೋ? ಈಗ ಕೆಮ್ಮಿದ್ದು ಇವಳದೇ ಮಗಳೋ? ಸೆಖೆಗೆ ಸ್ವೆಟರ್ ಬಿಚ್ಚಿದರೋ, ಮರೆತರೋ? ರಸ್ತೆ ಬದಿಯ ದೊಡ್ಡ ಕಿಟಕಿಯ ಮುಂದೆ ಸುಳಿದಾಡುವಳು. ಆ ಹಾಳು ಗಾಜೋ, ಬೆಳ್ಳಗಿನ ಆಕಾಶವನ್ನೂ ಓಡುವ ಬಸ್ಸುಗಳನ್ನೂ ಇವಳದೇ ಗಾಬರಿ ಮುಖವನ್ನೂ ತೋರಿಸುತ್ತಿತ್ತೇ ಹೊರತು ಒಳಗಿನ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ.

ಗುರುವಾರವೂ ಹಾಗೇ ನಿಂತಿದ್ದಳು. ಓರೆಯಾಗಿ ನೋಡಿದರೆ ಬರೀ ರಸ್ತೆ. ನೇರ ಎದುರಿಗೆ ಬಂದರೆ ಒಳಗಿನದು ಮಸುಕು ಮಸುಕಾಗಿ ಕಂಡಿತು. ಅಷ್ಟರಲ್ಲಿ ಬೆನ್ನ ಹಿಂದೆ ಕಪ್ಪನೆಯ ಲಾರಿಯೊಂದು ಬಂದು ನಿಂತಿತು. ಗಾಜಿನಲ್ಲಿದ್ದ ಆಕಾಶವನ್ನು ಲಾರಿಯ ಬಿಂಬ ನುಂಗಿತು. ನುಂಗಿದ ಆ ಜಾಗದಲ್ಲೇ ಪರದೆ ಸರಿಸಿದಂತೆ ಕೋಣೆ ತೆರೆದುಕೊಂಡಿತು! ಹಳದಿ ಗೋಡೆ, ಸಾಲಾಗಿ ಪುಟಾಣಿ ಚಪ್ಪಲಿಗಳು, ನಟ್ಟನಡುವೆ ಬುಟ್ಟಿಯನ್ನು ತಲೆಗೇರಿಸಿಕೊಂಡು ಕುಣಿಯುತ್ತಿರುವ ಪುಟ್ಟಿ. ಕಣ್ಣಲ್ಲಿ ನೀರಿನ ಪಸೆಯೂ ಇಲ್ಲ. ಆಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಎಲಾ ಕಳ್ಳಿ! ಅಳೋದೆಲ್ಲ ನನ್ನ ಮುಂದೆ ಮಾತ್ರಾನಾ?"

"ಅಡ್ಡ ಆಯ್ತಾ ಅಕ್ಕ? ಗಾಡಿ ತೆಗೀತೀನಿ," ಎಂದ ಲಾರಿ ಚಾಲಕ.

"ಅಯ್ಯೋ ಬೇಡಣ್ಣ, ದಮ್ಮಯ್ಯ, ಒಂದೇ ನಿಮಿಷ ಅಲ್ಲೇ ಇರಿ!"

"ಅಡ್ಡ ನಿಲ್ಸಿದ್ದಕ್ಕೆ ಬೈಸ್ಕೊಂಡಿದ್ದೇ ಹೆಚ್ಚು. ನಿಲ್ಸು ಅಂತ ಬೇಡ್ಕೊಂಡೋರು ನೀವೇ ಮೊದಲು!"

ಲಾರಿ ಹೊರಟಿತು. ಆಕಾಶ ಮರಳಿ ಬಂದು ಕೋಣೆಯನ್ನು ಮುಚ್ಚಿಕೊಂಡಿತು. ಅವಳಿಗೆ ತಟ್ಟನೆ ಹೊಳೆದದ್ದು ಆಗಲೇ. ಅವಳ ಗ್ರಂಥಾಲಯದ ಎದುರಿಗೆ ಏನಿದೆ? ಏನೂ ಇಲ್ಲ. ಚಿತ್ರದಲ್ಲಿ ಬಾರದ ಕಡೆ ಯಾಕೆ ಕಟ್ಟಬೇಕೆಂದು ಅವಳು ಆ ಬದಿಯನ್ನು ಬಯಲು ಬಿಟ್ಟಿದ್ದಳು. ಎದುರಿಗೆ ಬರೀ ಆಕಾಶವಿದ್ದರೆ ಪಾಪ, ಗಾಜಾದರೂ ಇನ್ನೇನನ್ನು ತೋರಿಸೀತು?

ಆಫೀಸಿಗೆ ಏದುಸಿರು ಬಿಡುತ್ತ ಓಡಿದಳು. "ತೋಟದಪ್ಪ, ಬೇಗ ನಿಮ್ಮ ಮರಗಳನ್ನ ಕೊಡಿ!"

"ಕಾಗೆ ಜಾರುತ್ತೆ ಅಂದ್ರಿ?"

"ಬಿಂಬದಲ್ಲಿ ತಾನೇ, ನಡೆಯುತ್ತೆ ಕೊಡಿ!"

ಸಂಜೆಯಾಗುವಷ್ಟರಲ್ಲಿ, ಚಿತ್ರದಲ್ಲಿ ಎಂದೂ ನೇರವಾಗಿ ಕಾಣದ ಒಂದು ಇಡೀ ಬೀದಿ ಎದ್ದು ನಿಂತಿತು. ಔಷಧಿ ಅಂಗಡಿ, ಬಟ್ಟೆ ಒಣಹಾಕಿದ ಬಾಲ್ಕನಿ, ನಿಂತ ಬಸ್ಸು, ತೋಟದಪ್ಪನ ಎರಡು ದಟ್ಟ ಮರ. ನಿಜವಾದ ಗಾಜುಗಳು ಎಂದೂ ಒಂದೇ ಸಮ ಕೂರುವುದಿಲ್ಲವಲ್ಲ ಎಂದು, ಅವನ್ನೂ ಒಂದೊಂದಾಗಿ ಕೂದಲೆಳೆಯಷ್ಟು ವಾಲಿಸಿದಳು. ಬಸ್ಸಿನ ಬಿಂಬ ಗಾಜಿನಿಂದ ಗಾಜಿಗೆ ಒಂಚೂರು ಮುರಿದುಕೊಂಡು ಸಾಗಿತು. ಮರದ ಕಪ್ಪು ಬಿದ್ದಲ್ಲೆಲ್ಲ ಒಳಗಿನ ದೀಪ, ಪುಸ್ತಕದ ಕಪಾಟು, ಓದುತ್ತ ಕುಳಿತ ಹೆಂಗಸು ಎಲ್ಲ ಕಂಡವು. ಆಕಾಶ ಬಿದ್ದಲ್ಲಿ ಎಲ್ಲ ಮಾಯ.

ಶುಕ್ರವಾರ ಗ್ರಂಥಾಲಯದ ಮೇಡಂ ಬಂದು ಚಿತ್ರವನ್ನು ಕಣ್ಣು ಕೀಲಿಸಿ ನೋಡಿದರು. ಬಸ್ಸು ಜಾಸ್ತಿಯಾಯಿತೇ? ಬಟ್ಟೆ ಒಣಹಾಕಿದ್ದು ತಪ್ಪಾಯಿತೇ? ಗಾಜಕ್ಕ ಮನಸ್ಸಿನಲ್ಲೇ ಬಾಲ್ಕನಿಯ ಬಟ್ಟೆಗಳನ್ನು ಒಳಗೆ ತೆಗೆಯತೊಡಗಿದಳು.

"ಆ ಮರದ ಹಿಂದೆ, ಒಳಗೆ ಕೂತು ಓದ್ತಿರೋದು ಯಾರು?"

"ಯಾರೋ ಒಬ್ರು, ಮೇಡಂ. ಸುಮ್ನೆ ಹಾಕಿದ್ದು."

"ಎಬ್ಬಿಸ್ರೀ ಅವರನ್ನ! ಆ ಕಿಟಕಿ ಪಕ್ಕದ ಜಾಗ ನನಗೆ ಬೇಕು."

ತೋಟದಪ್ಪ ಕಿಸಕ್ಕೆಂದ. ಯಜಮಾನರು ಹೊಗಳುವ ಜಾಯಮಾನದವರಲ್ಲ. ಮೇಡಂ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, "ಮುಂಭಾಗ ನಿಮ್ಮ ಹತ್ರಾನೇ ಇರ್ಲಿ. ಮುಂದಿನ ವಾರದಿಂದ ಒಂದು ಈಜುಕೊಳ ಇದೆ, ಅದನ್ನೂ ನೀವೇ ಮಾಡಿ," ಎಂದರು.

"ಈಜುಕೊಳಾನಾ? ಅಂದ್ರೆ... ನೀರು?"

"ಮತ್ತೆ ಈಜೋದು ಯಾವುದರಲ್ಲಮ್ಮ?"

ಅವಳ ಮುಖ ಮತ್ತೆ ಗಾಬರಿಯಿಂದ ಬಿಳಿಚಿಕೊಂಡಿತು. ಆದರೆ ನಗು ಮಾತ್ರ, ಎಷ್ಟು ತುಟಿ ಕಚ್ಚಿ ಹಿಡಿದರೂ, ನಿಲ್ಲಲೊಲ್ಲದು.