ತಿರುವಿನಲ್ಲಿ ಬಾಗುವವನು

ಬಸ್ಸಿನಲ್ಲಿ ಅವನ ಪಕ್ಕ ಕೂತವರಿಗೆಲ್ಲ ಒಂದೇ ತಕರಾರು. ಬಸ್ಸು ಎಡಕ್ಕೆ ತಿರುಗಿದಾಗ ಜನರೆಲ್ಲ ಬಲಕ್ಕೆ ವಾಲಿದರೆ ಈ ಮಹಾಶಯ ಎಡಕ್ಕೆ ಬಾಗುತ್ತಾನೆ. ಬಲಕ್ಕೆ ತಿರುಗಿದರೆ ಪಕ್ಕದವರ ಮೈಮೇಲೆ ಬೀಳುತ್ತಾನೆ. ಒಂದು ಹನಿ ಮುಟ್ಟದ ಮನುಷ್ಯ, ಪಾಪ, "ಬೆಳಿಗ್ಗೆಬೆಳಿಗ್ಗೇನೇ ಶುರುನಾ?" ಎಂದು ಎಷ್ಟು ಸಲ ಕೇಳಿಸಿಕೊಂಡಿದ್ದಾನೋ. ಹೆಂಡತಿ ಜೊತೆಗಿದ್ದರೆ ಅವಳೇ ಸಮಾಧಾನ ಹೇಳುತ್ತಾಳೆ. "ಬೇಜಾರು ಮಾಡ್ಕೋಬೇಡಿ, ಬಸ್ಸು ಮಗುಚದ ಹಾಗೆ ನೋಡ್ಕೋತಿದ್ದಾರೆ ಅಷ್ಟೇ."

ಹರೆಯದಲ್ಲಿ ಅವನ ಕೆಲಸವೇ ಅದಾಗಿತ್ತು. ಸೈಡ್‌ಕಾರ್ ರೇಸು. ಬೈಕಿನ ಎಡಕ್ಕೆ ಬೆಸೆದ ಒಂದು ತಟ್ಟೆ, ಆ ತಟ್ಟೆಗೊಂದು ಚಕ್ರ. ಬೈಕ್ ಓಡಿಸುತ್ತಿದ್ದವನು ಹೆಂಡತಿಯ ಅಣ್ಣ, ಅಂದರೆ ಭಾವ. ತಟ್ಟೆಯ ಮೇಲೆ ಇವನು. ಸೀಟಿಲ್ಲ, ಬೆಲ್ಟಿಲ್ಲ, ಹಿಡಿದುಕೊಳ್ಳಲು ಕಬ್ಬಿಣದ ಹಿಡಿ ಮಾತ್ರ. ಎಡ ತಿರುವಿನಲ್ಲಿ ಮೈಯನ್ನು ಹೊರಗೆ ಚಾಚಿ, ಭುಜ ನೆಲ ಸವರುವಷ್ಟು ಬಾಗಬೇಕು. ಬಲ ತಿರುವಿನಲ್ಲಿ ಭಾವನ ಬೆನ್ನ ಹಿಂದೆ ನೆಗೆದು ಹಿಂದಿನ ಚಕ್ರದ ಮೇಲೆ ಕವುಚಿಕೊಳ್ಳಬೇಕು. ರೆಪ್ಪೆ ಬಡಿಯುವಷ್ಟು ತಡವಾದರೂ ಗಾಡಿ ಪಲ್ಟಿ, ಇಬ್ಬರೂ ಆಸ್ಪತ್ರೆಗೆ. ಭಾವ ಒಂದು ಸಲವೂ ತಿರುಗಿ ನೋಡಿದವನಲ್ಲ. ನೋಡುವ ಅಗತ್ಯ ಬೀಳದ ಹಾಗೆ ಇವನು ನಡೆದುಕೊಂಡ.

ಆ ಮೈದಾನದಲ್ಲಿ ಒಂದು ನಿಯಮವಿತ್ತು. ಪಕ್ಕದವನು ಬಿದ್ದುಹೋಗಿ, ಓಡಿಸುವವನು ಒಬ್ಬನೇ ಗೆರೆ ದಾಟಿದರೆ ಆ ಗೆಲುವು ಲೆಕ್ಕಕ್ಕಿಲ್ಲ. ಧೂಳು ತಿನ್ನುವ ಜಾಗದಲ್ಲಿ ಅಷ್ಟಾದರೂ ನ್ಯಾಯವಿತ್ತು. ವರ್ಷದ ಮೇಲೆ ವರ್ಷ ಗೆದ್ದರು, ಹೊರದೇಶಕ್ಕೂ ಹೋಗಿ ಗೆದ್ದು ಬಂದರು. ಪತ್ರಿಕೆಯಲ್ಲಿ ಭಾವನ ನಗುಮುಖ ಬರುತ್ತಿತ್ತು. ಚಿತ್ರದ ಅಂಚಿನಲ್ಲಿ ಇವನ ಮೊಣಕೈ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ನೆಲಕ್ಕೆ ಉಜ್ಜಿ ಉಜ್ಜಿ ಎಡಭುಜ ಸತ್ತೇಹೋಯಿತು. ಈಗಲೂ ಅಂಗಿಯ ಎಡತೋಳನ್ನು ಹೆಂಡತಿಯೇ ತೊಡಿಸಬೇಕು.

ರೇಸು ನಿಂತ ಮೇಲೆ ಭಾವ ದೊಡ್ಡ ಮನುಷ್ಯನಾದ, ಇವನು ಬಸ್ ಡಿಪೋದಲ್ಲಿ ಟೈರ್ ಬಿಚ್ಚುವವನಾದ. ಡಿಪೋದವರು ಇವನಿಗೆ ಇಟ್ಟ ಹೆಸರು ಚಾಂಪಿಯನ್. "ಚಾಂಪಿಯನ್, ಆ ಜಾಕ್ ತಗೊಂಬಾ", "ಚಾಂಪಿಯನ್, ಇದಕ್ಕೆ ಗಾಳಿ ಹಾಕು". ಹೀಗೇ ನಿವೃತ್ತಿಯೂ ಆಯಿತು. ಡಿಪೋ ಎದುರಿನ ಚಹಾ ಅಂಗಡಿಯಲ್ಲಿ ಆ ಹೆಸರು ಇನ್ನೂ ನಿವೃತ್ತಿಯಾಗಿಲ್ಲ.

ಭಾವನಿಗೆ ರಾಷ್ಟ್ರ ಗೌರವ ಎಂಬ ಸುದ್ದಿ ಬಂದದ್ದು ಅದೇ ಅಂಗಡಿಯ ಟಿವಿಯಲ್ಲಿ. ಡಿಪೋದ ಹಳೇ ಗುಮಾಸ್ತರೊಬ್ಬರು ಮೂಗು ಮುರಿದರು.

"ರೇಸಿನವರಿಗೆ ಯಾಕ್ರೀ ದೇಶದ ಗೌರವ? ಹೊರಟ ಜಾಗಕ್ಕೇ ವಾಪಸ್ ಬರೋದು ಒಂದು ಸಾಧನೇನಾ? ನಮ್ಮ ಬಸ್ಸುಗಳು ದಿನಾ ಬರಲ್ವಾ?"

"ಬಸ್ಸಿನಲ್ಲಿ ಹೋಗೋರು ಜೀವ ಕೈಯಲ್ಲಿ ಹಿಡ್ಕೊಂಡು ಹೋಗಲ್ಲ ಸಾರ್," ಎಂದ ಇವನು. "ಹೊರದೇಶದಲ್ಲಿ ನಮ್ಮ ಬಾವುಟ ಮೇಲೆ ಹೋಗಿತ್ತಲ್ಲ, ಅದನ್ನ ಏರಿಸಿದ್ದು ನಾವು."

"ನಾವು ಅಂದ್ರೆ? ಓಡಿಸಿದ್ದು ನಿನ್ನ ಭಾವ. ನೀನು ಕೂತಿದ್ದೆ."

"ಕೂರೋಕೆ ಸೀಟೇ ಇರ್ಲಿಲ್ಲ ಸಾರ್."

"ಹಾಗಾದ್ರೆ ನಿಂತಿದ್ದೆ."

ಅಂಗಡಿಗೆ ಅಂಗಡಿಯೇ ನಕ್ಕಿತು. ಗುಮಾಸ್ತರು ಕರುಣೆ ಬಂದವರಂತೆ, "ಹೋಗ್ಲಿ ಬಿಡು. ಪದಕ ಕೊಡೋ ದಿನ ಟಿವೀಲಿ ನಿನ್ನ ಹೆಸರು ಕೇಳ್ಸಿದ್ರೆ ಚಾಂಪಿಯನ್ ಅಂತ ಮರ್ಯಾದೆಯಿಂದಲೇ ಕರೀತೀವಿ" ಎಂದರು. ರೇಸಿನವರಿಗೆ ಗೌರವ ಸಲ್ಲಬೇಕೋ ಬೇಡವೋ ಎಂದು ಆ ವಾರವೆಲ್ಲ ಊರು ಬಾಯಿ ನೋಯಿಸಿಕೊಂಡಿತು. ಗೆದ್ದವರು ಎಷ್ಟು ಜನ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದವಳು ಹೆಂಡತಿ. ಅಣ್ಣನ ಮನೆಗೇ ಹೋದಳು.

"ಅಣ್ಣಾ, ಇಷ್ಟು ವರ್ಷ ನಿನ್ನ ಹತ್ರ ಏನೂ ಕೇಳಿಲ್ಲ. ಪದಕ ತಗೊಳ್ಳೋ ದಿನ ಒಂದು ಸಲ ಇವರ ಹೆಸರು ಹೇಳು, ಸಾಕು."

"ಅಯ್ಯೋ ಹುಚ್ಚಿ, ಇದನ್ನೂ ಕೇಳ್ಬೇಕೇನೇ? ಅವನಿಲ್ದೆ ನಾನೆಲ್ಲಿ?" ಎಂದ ಭಾವ. ನಿಜವಾದ ಪ್ರೀತಿಯಿಂದಲೇ ಎಂದ. ಇವನು ನಂಬಿದ. ನಂಬದೆ ಇರುವುದು ಇವನ ಅಭ್ಯಾಸದಲ್ಲೇ ಇರಲಿಲ್ಲ.

ಭಾವನ ಮೊಣಕಾಲುಗಳು ಕೈಕೊಟ್ಟಿದ್ದವು. ಸಮಾರಂಭಕ್ಕೆ ಆಸರೆಗೆಂದು ಇವನೂ ಹೊರಟ. ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ತೊಡಿಸಿ, "ಟಿವಿ ಮುಂದೆ ಕೂತಿರ್ತೀನಿ" ಎಂದಳು. ಸಭಾಂಗಣದ ಬಾಗಿಲಲ್ಲಿ ಕೋಟು ತೊಟ್ಟವನೊಬ್ಬ ಇವನ ಎದೆಗೆ ಚೀಟಿ ಅಂಟಿಸಿದ. 'ಸಹಾಯಕ' ಎಂದಿತ್ತು. ಇರಲಿ, ಸುಳ್ಳೇನಲ್ಲವಲ್ಲ ಎಂದುಕೊಂಡು ಹಿಂದಿನ ಸಾಲಿನಲ್ಲಿ ಕೂತ. ವೇದಿಕೆಯ ಮೇಲೆ ಯಾರಿಗೂ ಮಾತಿಗೆ ಅವಕಾಶವಿರಲಿಲ್ಲ. ಭಾವ ಪದಕ ತೊಟ್ಟು ಇಳಿದು ಬಂದ.

ಹೊರಗಿನ ಮೆಟ್ಟಿಲ ಮೇಲೆ ಟಿವಿಯವರು ಮುತ್ತಿಕೊಂಡರು. ಭಾವನ ತೋಳು ಹಿಡಿದಿದ್ದ ಇವನಿಗೆ, "ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಲ್ಲಿ ಬರ್ತಿದ್ದೀರ" ಎಂದರು. ಸರಿದು ನಿಂತ.

"ಸಾರ್, ಈ ಗೌರವ ಯಾರಿಗೆ ಸಲ್ಬೇಕು ಅಂತೀರಿ?"

ಭಾವ ಗಂಟಲು ಸರಿಮಾಡಿಕೊಂಡ, ಕಣ್ಣು ತುಂಬಿಕೊಂಡ.

"ನನ್ನ ಗಾಡಿಗೆ," ಎಂದ. "ನನ್ನ ಗಾಡಿ ನನ್ನ ಕೈ ಯಾವತ್ತೂ ಬಿಟ್ಟಿಲ್ಲ."

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟಕ್ಕೆ ಮುಗಿಯಿತು.

ವಾಪಸ್ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಭಾವನ ಎಡಕ್ಕೆ ಕೂತ, ಎಂದಿನ ಹಾಗೆ. ಕೊನೆಗೆ ಕೇಳಿಯೇಬಿಟ್ಟ.

"ಭಾವ, ನನ್ನ ಹೆಸರು ಹೇಳ್ತೀನಿ ಅಂದಿದ್ರಿ."

ಭಾವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೇಳಿದ್ನಲ್ಲೋ. ಗಾಡಿ ಅಂದ್ಮೇಲೆ ಅದರಲ್ಲಿ ನೀನೂ ಬಂದ ಹಾಗೇ ಅಲ್ವೇನೋ?" ಎಂದು ಇವನ ತೊಡೆ ತಟ್ಟಿ, ತೃಪ್ತಿಯಿಂದ ಕಣ್ಣು ಮುಚ್ಚಿದ.

ಅದರಲ್ಲಿ ಕಪಟವಿದ್ದಿದ್ದರೆ ಇವನು ಜಗಳವಾದರೂ ಆಡಬಹುದಿತ್ತು. ಇರಲಿಲ್ಲ. ಅಷ್ಟೂ ವರ್ಷ ಭಾವ ತಿರುಗಿ ನೋಡದೆ ಇದ್ದದ್ದು ನಂಬಿಕೆಯಿಂದ ಎಂದು ಇವನು ತಿಳಿದಿದ್ದ. ಹ್ಯಾಂಡಲ್ಲು ಇದೆಯೋ ಚಕ್ರ ಇದೆಯೋ ಎಂದು ಯಾರಾದರೂ ತಿರುಗಿ ನೋಡುತ್ತಾರೆಯೇ? ಮನೆಯಲ್ಲಿ ಹೆಂಡತಿ ಟಿವಿ ಆರಿಸಿರುತ್ತಾಳೆ. ಬಾಗಿಲು ತೆಗೆದು, ಏನೂ ಕೇಳದೆ, ಅಂಗಿಯ ತೋಳು ಬಿಡಿಸುತ್ತಾಳೆ. ಅದನ್ನು ನೆನೆದೇ ಇವನಿಗೆ ಅಳು ಬಂತು.

ಮುಂದೆ ಎಡಕ್ಕೊಂದು ದೊಡ್ಡ ತಿರುವು ಕಂಡಿತು. ಈ ಸಲ ಬಾಗುವುದಿಲ್ಲ ಎಂದುಕೊಂಡ. ಸೀಟಿಗೆ ಬೆನ್ನೊತ್ತಿ, ಪಾದ ಊರಿ, ಹಲ್ಲು ಕಚ್ಚಿ ಕೂತ. ಕಾರು ತಿರುಗಿತು. ಮೈ ಮಾತು ಕೇಳಲಿಲ್ಲ, ಬಾಗಿಯೇ ಬಿಟ್ಟಿತು, ಸತ್ತ ಭುಜ ಬಾಗಿಲಿಗೆ ಬಡಿಯಿತು. ಪಕ್ಕದಲ್ಲಿ ಭಾವ ಕಣ್ಣು ಮುಚ್ಚಿಕೊಂಡೇ ನೆಟ್ಟಗೆ ಕೂತಿದ್ದ.