ಅಜ್ಜಿಯ ಹೆಸರಿನ ಲೇಪ

ವಸಂತಿ, ನಿನ್ನ ಮುಖ ಹಾಳಾದದ್ದು ದೆಹಲಿಯ ಬಿಸಿಲಿನಿಂದಲ್ಲ. ನಾನು ಕೊಟ್ಟ ಲೇಪದಿಂದ. ಅದು ನನಗೆ ಗೊತ್ತಿತ್ತು — ಅಂದಿನಿಂದಲೂ ಗೊತ್ತಿತ್ತು.

ರೋಹಿಣಿ ಬಡಾವಣೆಯ ನಮ್ಮ ಹೋಟೆಲಿನಲ್ಲಿ ನಿನ್ನ ಅಣ್ಣನ ಜೊತೆ ಕಾವಲಿಯ ಮುಂದೆ ನಿಂತು ನಿಂತು ನನ್ನ ಕೆನ್ನೆಯ ಮೇಲೆ ಬಂಗು ಎದ್ದದ್ದು ನಿನಗೆ ನೆನಪಿರಬೇಕು. ಅದು ಮಾಯವಾದಾಗ ಕನ್ನಡ ಸಂಘದ ಹೆಂಗಸರೆಲ್ಲ ಏನು ಹಚ್ಚಿದಿರಿ ಎಂದು ಮುತ್ತಿಕೊಂಡರು. ಪೌಡರನ್ನೂ ಮುಟ್ಟದವಳು ಎಂದು ಮೆರೆದವಳು ನಾನು, ಕ್ರೀಮು ಹಚ್ಚುವವರನ್ನು ಆಡಿಕೊಂಡು ನಗುತ್ತಿದ್ದವಳು. ಔಷಧಿ ಅಂಗಡಿಯಿಂದ ವೈದ್ಯರ ಚೀಟಿಯಿಲ್ಲದೆ ತಂದ ಟ್ಯೂಬು ಎನ್ನಲು ಬಾಯಿ ಬರಲಿಲ್ಲ. ಊರಿನ ಅಜ್ಜಿಯ ಲೇಪ ಎಂದುಬಿಟ್ಟೆ. ಇಲ್ಲಿ ನಮ್ಮವರಿಗೆ ಊರಿನದು ಎಂದರೆ ಸಾಕು, ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನೀನೂ ಕೇಳಲಿಲ್ಲ. ನನಗೂ ಸ್ವಲ್ಪ ಕೊಡಿ ಎಂದೆ, ಅಷ್ಟೆ. ಆಗಲಾದರೂ ನಿಜ ಹೇಳಬಹುದಿತ್ತು — ಹೇಳಲಿಲ್ಲ. ಟ್ಯೂಬುಗಳನ್ನು ಹಿಂಡಿ, ಗಂಧ ತೇಯ್ದು ಕಲಸಿ, ಉಪ್ಪಿನಕಾಯಿಯ ಸಣ್ಣ ಭರಣಿಯಲ್ಲಿ ತುಂಬಿ ಘಾಜಿಯಾಬಾದಿನ ನಿನ್ನ ಮನೆಗೆ ನಾನೇ ತಂದುಕೊಟ್ಟೆ. ಎರಡು ವಾರಕ್ಕಿಂತ ಹೆಚ್ಚು ಹಚ್ಚಬೇಡಿ, ಚರ್ಮ ಸುಡುತ್ತದೆ ಎಂದು ಅಂಗಡಿಯ ಭಯ್ಯಾ ಒತ್ತಿ ಒತ್ತಿ ಹೇಳಿದ್ದ. ನಾನು ಅಷ್ಟಕ್ಕೇ ನಿಲ್ಲಿಸಿದ್ದೆ. ಆದರೆ ಅಜ್ಜಿಯ ಲೇಪಕ್ಕೂ ಗಡುವು ಇದೆ ಎಂದರೆ ನಿನಗೆ ಸಂಶಯ ಬಂದೀತು... ನಿನಗೆ ಹೇಳಲಿಲ್ಲ. ನೀನು ಇಡೀ ಬೇಸಿಗೆ ಹಚ್ಚಿದೆ. ಮುಗಿದಾಗ ಮತ್ತೆ ಕೇಳಿದೆ, ನಾನು ಮತ್ತೆ ತುಂಬಿಕೊಟ್ಟೆ.

ಚರ್ಮ ತೆಳುವಾಗಿ, ಕೆಂಪು ನರಗಳು ಕಾಣತೊಡಗಿ, ಒಲೆಯ ಹತ್ತಿರ ಹೋದರೂ ನೀನು ಉರಿ ಎಂದು ಅಳುವಂತಾಯಿತು. ವೈದ್ಯರ ಬಳಿಗೆ ಜೊತೆಗೆ ಬಂದವಳೂ ನಾನೇ. ಯಾವ ಕ್ರೀಮು ಹಚ್ಚಿದಿರಿ ಎಂದು ಆಕೆ ಕೇಳಿದಾಗ ನೀನು ನನ್ನ ಕಡೆ ತಿರುಗಿದೆ.

“ಕ್ರೀಮ್ ಏನಿಲ್ಲ ಡಾಕ್ಟರ್, ಮನೆಮದ್ದು ಅಷ್ಟೆ,” ಎಂದು ನಾನೇ ಹಿಂದಿಯಲ್ಲಿ ಹೇಳಿದೆ.

ಹೊರಗೆ ಬಂದವಳೇ ನಾನು ತಪ್ಪನ್ನೆಲ್ಲ ಬಿಸಿಲಿನ ಮೇಲೆ ಹಾಕಿದೆ. ನೀನು ನಂಬಿದೆ. ಇಂದಿಗೂ ದುಪಟ್ಟಾ ಸುತ್ತಿಕೊಳ್ಳದೆ ಹೊರಗೆ ಕಾಲಿಡುವುದಿಲ್ಲ ನೀನು. ನಾನೋ — ನಿನ್ನ ಫೋನ್ ಬಂದಾಗಲೆಲ್ಲ ಎತ್ತಲು ತಡಮಾಡುತ್ತೇನೆ. ಗೊತ್ತಾಯಿತೇನೋ, ಯಾರಾದರೂ ಹೇಳಿದರೇನೋ... ಇಷ್ಟು ವರ್ಷ ನಿನ್ನ ಕೆನ್ನೆ ನೋಡದೆ ಮಾತಾಡುವುದನ್ನು ಕಲಿತಿದ್ದೇನೆ.

ನಿನ್ನೆ ಹೆದರಿದಷ್ಟು ಮಾತ್ರ ಯಾವತ್ತೂ ಹೆದರಿರಲಿಲ್ಲ. ನಿಶ್ಚಿತಾರ್ಥಕ್ಕೆ ಮೊದಲು ಮಗಳು ನಿಧಿಯ ಮೂಗಿನ ಮೇಲಿನ ಕಂದು ಚುಕ್ಕೆಗಳು ಹೋಗಬೇಕು ಎಂದು ಫೋನಿನಲ್ಲಿ ಹೇಳಿದೆಯಲ್ಲ.

“ಆ ಲೇಪ ಮಾಡಿಕೊಡಿ ಅತ್ತಿಗೆ. ನನ್ನದು ಬಿಸಿಲಿಗೆ ಕೆಟ್ಟಿತು. ನಿಮ್ಮ ಮುಖ ಈಗಲೂ ಎಷ್ಟು ಚಂದ ಉಂಟು.”

ಹಿಂದಿನಿಂದ ನಿಧಿ, ಮಾಮಿ, ಜಲ್ದಿ ಬೇಕು ಎಂದಳು. ಅಚ್ಛಾ, ನೋಡುವ ಎಂದೆ. ನಿನ್ನೆಯೂ ಇಲ್ಲ ಎನ್ನಲಿಲ್ಲ.

ಅಂಥ ಲೇಪವೇ ಇಲ್ಲ, ವಸಂತಿ. ನನ್ನ ಅಜ್ಜಿ ಯಾವ ಲೇಪವನ್ನೂ ಮಾಡಿದವಳಲ್ಲ. ಆ ಹುಡುಗಿಯ ಮುಖಕ್ಕೆ ಏನನ್ನೂ ಹಚ್ಚಬೇಡ. ಟ್ಯೂಬಿನ ಹೆಸರನ್ನು ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ, ನಿನ್ನ ವೈದ್ಯರಿಗೆ ತೋರಿಸು. ನಿನ್ನ ಅಣ್ಣನಿಗೆ ನಾನೇ ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಇದನ್ನು ಓದಿ ನೀನು ಫೋನ್ ಮಾಡಿ ಬೈದರೆ ಕೇಳಿಸಿಕೊಳ್ಳುತ್ತೇನೆ. ಮಾಡದೆಯೇ ಇದ್ದುಬಿಟ್ಟರೆ — ನನಗೆ ಅದರದೇ ಭಯ. ಆದರೂ ಕಳಿಸುತ್ತಿದ್ದೇನೆ.