ಗಿಳಿಮೀನಿನ ಉಸುಕು

ಮೊನ್ನೆ ಅಡುಗೆಮನೆಯ ಗೋಡೆಯ ಗೂಡು ಸ್ವಚ್ಛ ಮಾಡುವಾಗ ಹಳೆಯ ಉಪ್ಪಿನಕಾಯಿ ಬಾಟಲಿಯೊಂದು ಕೈಗೆ ಬಂತು. ತಳದಲ್ಲಿ ಒಂದಿಷ್ಟು ಬಿಳಿ ಉಸುಕು. ಮುಚ್ಚಳ ತೆಗೆದು ಮೂಸಿದೆ. ಸಮುದ್ರದ ವಾಸನೆ ನನಗೇನು ಗೊತ್ತು? ನೆನಪಾದದ್ದು ಬಾಜು ಮನೆಯ ಅಕ್ಕ...

ಮಾದನಹಿಪ್ಪರಗಾದಲ್ಲಿ ನಮಗೂ ಅವಳಿಗೂ ನಡುವೆ ಒಂದೇ ಗೋಡೆ. ತಾಯಿಯಿಲ್ಲದ ತಮ್ಮನನ್ನು ಅವಳೇ ಎತ್ತಿ ಬೆಳೆಸಿದ್ದಳು. ಮನೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಲಕ್ಷದ್ವೀಪಕ್ಕೆ ಹೋದ ಅವನು ಯಾರದೋ ಕೈಯಲ್ಲಿ ಈ ಉಸುಕು ಕಳಿಸಿದ್ದ. ತಮ್ಮ ತುಳಿದ ನೆಲವೆಂದು ಅಕ್ಕ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಒದ್ದೆ ಮಣ್ಣು ಹಣೆಗೆ ಹಚ್ಚಿಕೊಳ್ಳುವುದು ನಮ್ಮ ಕಡೆಯ ರೂಢಿ. ಆ ವರ್ಷ ಮಣ್ಣಿಗೆ ಉಸುಕನ್ನೂ ಕಲೆಸಿ ಓಣಿಯ ಹೆಂಗಸರಿಗೆಲ್ಲ ಹಚ್ಚಿದಳು. ಬೇಡವೆಂದರೂ ನನ್ನನ್ನು ಬಿಡಲಿಲ್ಲ.

ಅಷ್ಟರಲ್ಲೇ ತಮ್ಮನ ವಿಡಿಯೊ ಕಾಲ್ ಬಂತು.

"ಹಣಿಗೆ ಏನ್ ಹಚ್ಕೊಂಡಿ ಅಕ್ಕಾ?"

"ನೀ ಕಳಿಸಿದ್ದ ಉಸುಕಪ್ಪಾ."

ಅವನು ಬಿದ್ದು ಬಿದ್ದು ನಕ್ಕ. "ಅಯ್ಯ, ಅದು ಮೀನಿನ ಹೇಲು ಬೇ!"

ನಾವೆಲ್ಲ ಹೌಹಾರಿದೆವು. ಅಲ್ಲಿ ಗಿಳಿಯ ಕೊಕ್ಕಿನಂಥ ಬಾಯಿಯ, ಹಸಿರು-ನೀಲಿ ಮೀನಿದೆಯಂತೆ. ಪಾಚಿಗಾಗಿ ಹವಳದ ಕಲ್ಲನ್ನೇ ಕೆರೆದು ತಿನ್ನುತ್ತದಂತೆ. ಗಂಟಲಲ್ಲಿ ಅರೆದ ಕಲ್ಲು ಹಿಂದಿನಿಂದ ಬಿಳಿ ಉಸುಕಾಗಿ ಬೀಳುತ್ತದಂತೆ. ಅಲ್ಲಿನ ದಂಡೆಯ ಉಸುಕು ಬಹಳಷ್ಟು ಅದರದ್ದೇ ಅಂದ. ಹೆಂಗಸರು ಬಚ್ಚಲಿಗೆ ಓಡಿದರು. ನಾನೂ ಓಡಿ, ಚರ್ಮ ಕೆಂಪಾಗುವಂತೆ ಹಣೆ ತಿಕ್ಕಿಕೊಂಡು ಬಂದೆ. ಅಕ್ಕ ಮಾತ್ರ ಒರೆಸಿಕೊಳ್ಳದೆ ಗರಬಡಿದವಳಂತೆ ಕೂತಿದ್ದಳು.

ಸಿಟ್ಟಾದಳೆಂದು ತಮ್ಮ ರಮಿಸಲು ನೋಡಿದ. "ಮಲಗೂಮುಂದ ಆ ಮೀನು ಬಾಯಿಂದ ಲೋಳಿ ಬಿಟ್ಟು ಮೈತುಂಬ ಹೊದ್ಕೋತದ ಅಕ್ಕಾ. ಹೊದಿಕಿ ಅದ ಅದಕ್ಕ."

"ಮೀನಿಗೂ ಹೊದಿಕಿ ಅದ," ಅಂದಳು ಅಕ್ಕ. "ನಿನಗ ಯಾರ ಹೊದಸ್ತಾರೋ ತಮ್ಮಾ?"

"ದೀಪಾವಳಿಗೆ ಬರ್ತೀನಿ ಅಕ್ಕಾ," ಅಂದ.

ಮರುದಿನವೇ ಹಳೆಯ ಸೀರೆಗಳನ್ನು ಹರವಿ ಅವನಿಗೊಂದು ಕೌದಿ ಹೊಲಿಯಲು ಕೂತಳು. ಕೌದಿ ಮುಗಿದ ಮುಂಜಾನೆ, "ಒಂದ್ ಗುಟುಕು ಚಾ ಕೊಡವಾ," ಅಂದಳು. ಚಾ ಕಾಯಿಸಿ ತಂದರೆ ಗೋಡೆಗೆ ಒರಗಿಕೊಂಡೇ ಹೋಗಿಬಿಟ್ಟಿದ್ದಳು. ಸೂಜಿ ಕೈಯಲ್ಲೇ ಇತ್ತು. ಈಗಲೂ ನನಗೆ ನಂಬಿಕೆ ಬಂದಿಲ್ಲ.

ತಮ್ಮನಿಗೆ ಹಡಗು ಸಿಗಲಿಲ್ಲ. ಮಣ್ಣು ಮಾಡುವಾಗ ಫೋನ್ ಹಿಡಿದು ತೋರಿಸುತ್ತಿದ್ದವಳು ನಾನೇ. ಕೊನೆಗೆ ಅವನು ಕೂಗಿದ. "ಆ ಕೌದಿ ತರ್ರಿ... ಅಕ್ಕಗ ಹೊದಸ್ರಿ."

ಹೊದಿಸಿದೆವು.

ಅಕ್ಕನ ಜಗಲಿಯಿಂದ ಆಗ ನಾನೇ ತಂದಿಟ್ಟುಕೊಂಡಿದ್ದ ಬಾಟಲಿಯನ್ನು ಮೊನ್ನೆ ತೊಳೆದಿಡಬೇಕೆಂದುಕೊಂಡೆ, ತೊಳೆಯಲಿಲ್ಲ. ಬೆರಳು ಒದ್ದೆ ಮಾಡಿ ಉಸುಕಿಗೆ ಅದ್ದಿ, ಹಣೆಗೆ ಹಚ್ಚಿಕೊಂಡೆ. ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ. ಚಾ ಕೇಳುವವರಿಲ್ಲ.